ಬಿಡದ ಬ್ರೇಕು: ಲಕ್ಷಣ, ಪರೀಕ್ಷೆ, ಪರಿಹಾರ

(ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗ ಕಾರ್ಮಿಕರು ಹಾಗೂ ವಾಹನ ಚಾಲಕರ ಸಭೆಯಲ್ಲಿ ರಸ್ತೆ ಸುರಕ್ಷತೆಯನ್ನು ಕುರಿತು ನೀಡಿದ ಉಪನ್ಯಾಸದ ಪಾಠ)



ಊರಿನಿಂದ ದೂರ ಬಂದು ಬದುಕು ಕಟ್ಟಿಕೊಂಡಿರುವ ಕನ್ನಡಿಗರ ನಡುವೆ ನಿಂತು ಮಾತನಾಡುವ ಅವಕಾಶ ದೊರೆತದ್ದು ನನಗೆ ಸಂತೋಷದ ಸಂಗತಿ. ದೂರ ಎಂದೆ, ಆದರೆ ಈ ನೆಲ ನಮಗೆ ತೀರ ಪರಕೀಯವಾದುದಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಈ ಮರಾಠವಾಡ ಪ್ರದೇಶವೂ ಒಂದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. 2023ರಿಂದ ಛತ್ರಪತಿ ಸಂಭಾಜಿನಗರ ಎಂದು ಕರೆಯಲ್ಪಡುತ್ತಿರುವ ಔರಂಗಾಬಾದ್ ನಗರಕ್ಕೆ ನಮ್ಮ ಹಿರಿಯರು ನೌಕರಿ, ವ್ಯಾಪಾರಗಳಿಗಾಗಿ ಬಂದು ಹೋಗುತ್ತಿದ್ದರು. 1985ರಲ್ಲಿ ವಾಳೂಜ್‌ನಲ್ಲಿ ಬಜಾಜ್ ಆಟೋ ಕಾರ್ಖಾನೆಯನ್ನು ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಉದ್ಘಾಟಿಸಿದರು. ತದನಂತರ ಇಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಅನೇಕ ಕಾರ್ಖಾನೆಗಳು ತಲೆಯೆತ್ತಿದವು. ಬ್ರೇಕು, ಶಾಕ್ ಅಬ್ಸಾರ್ಬರ್, ಕ್ಲಚ್ಚು, ಎರಕದ ಭಾಗಗಳು ಇಲ್ಲಿಂದ ದೇಶದ ನಾನಾ ಕಡೆಗಳಿಗೆ ಹೋಗುತ್ತಿವೆ.

ಹೀಗೆ, ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ವ್ಯತ್ಯಾಸವಾದರೂ ಮಾಲನ್ನು ತಿರಸ್ಕರಿಸುವ ಕಾರ್ಖಾನೆಗಳಲ್ಲಿ ನಿಮ್ಮಲ್ಲಿ ಹಲವರು ದುಡಿಯುತ್ತಿದ್ದೀರಿ. ಅದೇ ಕಟ್ಟುನಿಟ್ಟನ್ನು ನಮ್ಮ ಸ್ವಂತ ವಾಹನದ ವಿಷಯದಲ್ಲಿ ನಾವು ತೋರುತ್ತಿದ್ದೇವೆಯೇ ಎಂಬುದು ಇಂದಿನ ನನ್ನ ಪ್ರಶ್ನೆ. ಅದಕ್ಕಾಗಿ ಒಂದೇ ಒಂದು ದೋಷವನ್ನು ಆರಿಸಿಕೊಂಡಿದ್ದೇನೆ. ಕಾರಿನ ಶಾಕ್ ಅಬ್ಸಾರ್ಬರ್, ಬುಷ್ ಮೊದಲಾದವುಗಳ ದುರಸ್ತಿಯಾದ ಮೇಲೆ ಬ್ರೇಕು ಹಿಡಿದುಕೊಂಡು ಬಿಡದೆ ಇರುವುದೇ ಆ ದೋಷ.

ಒಂದು ಪ್ರಸಂಗ

ನನಗೆ ಪರಿಚಿತರಾದ, ಬೀದರ ಜಿಲ್ಲೆಯ ಕಾರ್ಮಿಕರೊಬ್ಬರು ದಸರೆಗೆ ಊರಿಗೆ ಹೊರಡುವ ಮುನ್ನ ತಮ್ಮ ಹಳೆಯ ಸಣ್ಣ ಕಾರಿನ ಮುಂದಿನ ಎರಡೂ ಶಾಕ್ ಅಬ್ಸಾರ್ಬರುಗಳನ್ನೂ ಕೆಳತೋಳಿನ ಬುಷ್‌ಗಳನ್ನೂ ಬದಲಾಯಿಸಿಸಿದರು. ಬುದ್ಧಿವಂತಿಕೆಯ ಕೆಲಸವೇ. ವೃದ್ಧೆಯಾದ ತಾಯಿ, ಪತ್ನಿ, ಇಬ್ಬರು ಮಕ್ಕಳು ಜೊತೆಯಲ್ಲಿದ್ದರು. ಹೊರಟ ದಿನವೇ ಗಾಡಿ ಭಾರವಾಗಿ ಎಳೆಯುತ್ತಿದ್ದುದು ಅವರ ಗಮನಕ್ಕೆ ಬಂದಿತ್ತು. ಫೋನಿನಲ್ಲಿ ಕೇಳಿದಾಗ ಮಿಸ್ತ್ರಿಯು, ಸಾಮಾನು ಹೊಸದು, ಓಡುತ್ತ ಓಡುತ್ತ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದನಂತೆ. ಅವರೂ ಅದನ್ನು ನಂಬಿದರು. ಹಬ್ಬ ಮುಗಿಸಿ ಮರಳುವಾಗ ಮಾಂಜರ್‌ಸುಂಬಾ ಘಾಟಿನಲ್ಲಿ ಬೀಡ್ ಕಡೆಗೆ ಇಳಿಯುತ್ತಿದ್ದಂತೆ ಸುಟ್ಟ ವಾಸನೆ ಬಂದಿತು. ಲಾರಿಯದಿರಬೇಕೆಂದುಕೊಂಡರು. ಮುಂದಿನ ತಿರುವಿನಲ್ಲಿ ಬ್ರೇಕಿನ ಪೆಡಲು ಒತ್ತಿದರೆ ಅದು ಮೆತ್ತಗೆ ಕೆಳಗಿಳಿದುಹೋಯಿತು.

"ಸರ, ಕಾಲಿನ್ಯಾಗ ಏನೂ ಸಿಗಲಿಲ್ಲ. ಅವ್ವ ಹಿಂದ ಕುಂತಾಳ, ಅದೊಂದೇ ತಲ್ಯಾಗಿತ್ತು" ಎಂದು ಅವರು ಅನಂತರ ನನ್ನೊಡನೆ ಹೇಳಿದರು.

ದೈವವಶಾತ್ ಅವರು ಗಾಬರಿಗೊಳ್ಳಲಿಲ್ಲ. ಗೇರನ್ನು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಮಗ್ಗುಲಿಗೆ ಗಾಡಿಯನ್ನು ನಿಲ್ಲಿಸಿದರು. ಮುಂದಿನ ಎಡಚಕ್ರದಿಂದ ಹೊಗೆ ಬರುತ್ತಿತ್ತು. ಇಳಿದ ಮಗು ಅದನ್ನು ಮುಟ್ಟಲು ಕೈ ಚಾಚಿತ್ತು, ಅಜ್ಜಿ ಹಿಡಿದೆಳೆದರು. ಯಾರಿಗೂ ಏಟಾಗಲಿಲ್ಲ. ಆದರೆ ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ. ಭಾರತದ ರಸ್ತೆಗಳಲ್ಲಿ 2022ನೆಯ ವರ್ಷ ಒಂದರಲ್ಲೇ 4,61,312 ಅಪಘಾತಗಳಾಗಿ 1,68,491 ಜನ ಪ್ರಾಣ ಕಳೆದುಕೊಂಡರು. ಇವುಗಳಲ್ಲಿ ಬಹುಪಾಲು ಅತಿವೇಗದಿಂದ ಆದವು. ವಾಹನದ ಸ್ಥಿತಿಯಾದರೋ ಸಂಪೂರ್ಣವಾಗಿ ನಮ್ಮ ಕೈಯಲ್ಲಿರುವಂಥದು.

ಆ ಕಾರಿನಲ್ಲಿ ಆದದ್ದೇನು? ಅದನ್ನು ತಿಳಿಯಲು ಬ್ರೇಕು ಹಿಡಿಯುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ಬಿಡುವುದು ಹೇಗೆ ಎಂಬುದನ್ನು ಅರಿಯಬೇಕು.

ಬ್ರೇಕು ಹಿಡಿಯುವ ಬಗೆ, ಬಿಡುವ ಬಗೆ

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಡ ಹೇರಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ನಿರೂಪಿಸಿದನು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಈ ತತ್ತ್ವದ ದ್ರವಚಾಲಿತ ಬ್ರೇಕುಗಳನ್ನು ಅಳವಡಿಸಲಾಯಿತು. ಇಂದಿನ ನಮ್ಮ ಕಾರುಗಳಲ್ಲಿರುವುದೂ ಅದೇ ತತ್ತ್ವ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡವು ಉಕ್ಕಿನ ಕೊಳವೆಗಳ ಮೂಲಕ ಸಾಗಿ, ಚಕ್ರದ ಹತ್ತಿರ ರಬ್ಬರಿನ ಹೋಸ್ ಪೈಪನ್ನು ದಾಟಿ, ಕ್ಯಾಲಿಪರಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಪ್ಯಾಡುಗಳನ್ನು ಡಿಸ್ಕಿನ ಎರಡು ಬದಿಗೂ ಅದುಮುತ್ತದೆ.

ಪೆಡಲಿನಿಂದ ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಡಿಸ್ಕ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಬಹುಮಂದಿಗೆ ತಿಳಿಯದ ವಿಷಯ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲೊಂದೇ ಆ ಕೆಲಸ ಮಾಡುತ್ತದೆ. ಪಿಸ್ಟನ್ ಮುಂದಕ್ಕೆ ಹೋದಾಗ ಈ ಸೀಲು ತುಸು ಬಾಗುತ್ತದೆ. ಒತ್ತಡ ಇಳಿದೊಡನೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ಹಿಂದಕ್ಕೆ ತರುತ್ತದೆ. ಬ್ರೇಕು ಬಿಡುವುದೆಂದರೆ ಇಷ್ಟೇ. ಇಷ್ಟು ಸಣ್ಣ ಅಂತರವನ್ನು ಅವಲಂಬಿಸಿರುವ ಏರ್ಪಾಡಿನಲ್ಲಿ ಅಲ್ಪಸ್ವಲ್ಪ ತುಕ್ಕು, ತಿರುಚಿದ ಒಂದು ಹೋಸು, ಒಣಗಿದ ಒಂದು ಪಿನ್ನು ಸಹ ತೊಂದರೆ ತರಬಲ್ಲದು. 48 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಕೇವಲ 1 ಕಿಲೋಗ್ರಾಮಿನಷ್ಟು ಒತ್ತಡ ಉಳಿದುಕೊಂಡರೂ ಪ್ಯಾಡಿನ ಮೇಲೆ ಸುಮಾರು 18 ಕಿಲೋಗ್ರಾಂ ಭಾರ ಹೇರಿದಂತಾಗುತ್ತದೆ.

ಇನ್ನು ಶಾಖದ ಲೆಕ್ಕ. 1,000 ಕಿಲೋಗ್ರಾಂ ತೂಕದ ಕಾರನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದಾಗ ಬ್ರೇಕುಗಳಲ್ಲಿ ಹುಟ್ಟುವ ಶಾಖವು ಅರ್ಧ ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಯುವಂತೆ ಮಾಡಲು ಸಾಕು. ನಿಂತ ಮೇಲೆ ಈ ಶಾಖ ಗಾಳಿಗೆ ಆರಿಹೋಗುತ್ತದೆ. ಆದರೆ ಬ್ರೇಕು ಬಿಡದೆ ಒಂದು ಚಕ್ರವನ್ನು ಕೇವಲ 10 ಕಿಲೋಗ್ರಾಂ ಬಲದಿಂದ ಹಿಂದಕ್ಕೆ ಎಳೆಯುತ್ತಿದೆ ಎಂದುಕೊಳ್ಳಿ. ಅದೇ 60 ಕಿಲೋಮೀಟರ್ ವೇಗದಲ್ಲಿ ಆ ಚಕ್ರದೊಳಗೆ ಸುಮಾರು 1,600 ವ್ಯಾಟ್‌ಗಳಷ್ಟು ಶಾಖ ಎಡೆಬಿಡದೆ ಹುಟ್ಟುತ್ತಿರುತ್ತದೆ. ಸ್ನಾನದ ನೀರು ಕಾಯಿಸುವ ವಿದ್ಯುತ್ ಕಾಯಿಲನ್ನು ಚಕ್ರದೊಳಗಿಟ್ಟು ಗಂಟೆಗಟ್ಟಲೆ ಉರಿಸಿದಂತೆ ಇದು. ಘಾಟಿನ ಇಳಿಜಾರಿನ ಶಾಖವೂ ಇದಕ್ಕೆ ಸೇರುತ್ತದೆ. ಇದೇ ಕಾರು 100 ಮೀಟರ್ ಎತ್ತರದಿಂದ ಇಳಿಯುವಾಗ, ಗೇರಿನ ಸಹಾಯವಿಲ್ಲದೆ ಬ್ರೇಕಿನಿಂದಲೇ ವೇಗ ತಡೆದರೆ, 60 ಕಿಲೋಮೀಟರ್ ವೇಗದಿಂದ ಏಳು ಬಾರಿ ನಿಲ್ಲಿಸಿದಷ್ಟು ಶಾಖ ಹುಟ್ಟುತ್ತದೆ.

ಬ್ರೇಕ್ ದ್ರವವು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವ ಅದುಮಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ. ಬಿಡದ ಬ್ರೇಕು ಹಿಡಿಯದ ಬ್ರೇಕಾಗಿ ಮಾರ್ಪಡುವುದು ಹೀಗೆ. ನಮ್ಮ ಮಿತ್ರರಿಗೆ ಘಾಟಿನಲ್ಲಿ ಆದದ್ದೂ ಇದೇ.

ಶಾಕ್ ಅಬ್ಸಾರ್ಬರ್ ಕೆಲಸಕ್ಕೂ ಬ್ರೇಕಿಗೂ ಏನು ಸಂಬಂಧ?

"ನಾನು ಬ್ರೇಕನ್ನು ಮುಟ್ಟಿಯೇ ಇಲ್ಲ" ಎಂದು ಮಿಸ್ತ್ರಿ ಹೇಳುವುದುಂಟು. ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಚಕ್ರದ ಬಳಿ ಈ ಎರಡು ವ್ಯವಸ್ಥೆಗಳು ಒಂದೇ ಮನೆಯ ಅಣ್ಣತಮ್ಮಂದಿರಂತೆ ಕೂಡಿಕೊಂಡಿವೆ. ಅನೇಕ ಕಾರುಗಳಲ್ಲಿ ಬ್ರೇಕಿನ ಹೋಸ್ ಪೈಪನ್ನು ಹಿಡಿದಿಡುವ ಕ್ಲಿಪ್ಪು ಶಾಕ್ ಅಬ್ಸಾರ್ಬರಿನ ಮೈಮೇಲೆಯೇ ಇರುತ್ತದೆ. ಚಕ್ರದ ಬೇರಿಂಗು, ಹಬ್ಬು ಬಿಚ್ಚಲು ಕ್ಯಾಲಿಪರನ್ನು ಕಳಚಲೇಬೇಕು. ಹಿಂದಿನ ಚಕ್ರಗಳ ಹ್ಯಾಂಡ್‌ಬ್ರೇಕ್ ತಂತಿಯು ಹಿಂದಿನ ತೋಳಿನ ಮೇಲೆ ಹಾದುಹೋಗುತ್ತದೆ. ಚಕ್ರದ ವೇಗವನ್ನು ಅಳೆಯುವ ಸಂವೇದಕದ ವೈರೂ ಅದೇ ದಾರಿಯಲ್ಲಿದೆ. 2019ರ ಏಪ್ರಿಲ್ ತಿಂಗಳಿನಿಂದ ಹೊಸ ಕಾರುಗಳಲ್ಲಿ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ, ಎಂದರೆ ಎ.ಬಿ.ಎಸ್., ಕಡ್ಡಾಯವಾದುದರಿಂದ ಈ ವೈರು ಈಗ ಬಹುತೇಕ ಹೊಸ ಕಾರುಗಳಲ್ಲಿರುತ್ತದೆ.

ಆದಕಾರಣ ಪತ್ತೆಯ ಮೊದಲ ನಿಯಮವೇನೆಂದರೆ, ದೋಷವು ದುರಸ್ತಿಗೆ ಮೊದಲು ಇಲ್ಲದೆ ನಂತರ ಕಾಣಿಸಿಕೊಂಡಿದ್ದರೆ, ದುರಸ್ತಿಯಲ್ಲಿ ಕೈ ತಗುಲಿದ ಭಾಗಗಳನ್ನೇ ಮೊದಲು ನೋಡಬೇಕು. ಏನೇನು ಬಿಚ್ಚಿದರು, ಯಾವ ಕ್ರಮದಲ್ಲಿ ಜೋಡಿಸಿದರು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು.

ಲಕ್ಷಣಗಳು

ಗಾಡಿ ಮೊದಲಿನಂತೆ ಹಗುರವಾಗಿ ಉರುಳುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ವೇಗ ಬೇಗನೆ ಇಳಿಯುತ್ತದೆ. ಇಂಧನ ಹೆಚ್ಚು ಖರ್ಚಾಗುತ್ತದೆ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ. ನಾಲ್ಕು ಚಕ್ರಗಳಲ್ಲಿ ಒಂದು ಮಾತ್ರ ಅತಿಯಾಗಿ ಬಿಸಿಯಾಗಿ, ಅದರ ಮೇಲೆ ಕಪ್ಪು ಧೂಳು ಹೆಚ್ಚಾಗಿ ಕೂರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸ್ಟೀರಿಂಗ್ ಎಳೆತವೆಲ್ಲ ಬ್ರೇಕಿನ ದೋಷವಲ್ಲ. ಶಾಕ್ ಅಬ್ಸಾರ್ಬರ್ ಬದಲಾಯಿಸಿದ ಮೇಲೆ ಚಕ್ರಗಳ ಜೋಡಣೆಯ ಕೋನ, ಅಂದರೆ ಅಲೈನ್‌ಮೆಂಟ್, ಸರಿಪಡಿಸದಿದ್ದರೂ ಗಾಡಿ ಎಳೆಯುತ್ತದೆ. ಟಯರಿನ ಗಾಳಿ ಕಡಿಮೆಯಾಗಿದ್ದರೂ ಎಳೆಯುತ್ತದೆ. ಇವೆರಡರಲ್ಲಿ ಚಕ್ರದ ಮಧ್ಯಭಾಗ ಬಿಸಿಯಾಗುವುದಿಲ್ಲ. ಬ್ರೇಕಿನ ದೋಷದಲ್ಲಿ ಆಗುತ್ತದೆ. ಆದ್ದರಿಂದ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಹೋಲಿಸಿ ನೋಡಬೇಕು. ಯಾವ ಕಾರಣಕ್ಕೂ ಡಿಸ್ಕನ್ನು ಮುಟ್ಟಬಾರದು. ದೂರದಿಂದ ಶಾಖ ಅಳೆಯುವ ಉಪಕರಣ ಗ್ಯಾರೇಜಿನಲ್ಲಿದ್ದರೆ ಇನ್ನೂ ಒಳ್ಳೆಯದು. ಹೋಲಿಕೆಯನ್ನು ಮುಂದಿನ ಎಡಕ್ಕೂ ಬಲಕ್ಕೂ, ಹಿಂದಿನ ಎಡಕ್ಕೂ ಬಲಕ್ಕೂ ಮಾಡಬೇಕು. ಮುಂದಿನ ಬ್ರೇಕುಗಳು ಹೆಚ್ಚು ಕೆಲಸ ಮಾಡುವುದರಿಂದ ಅವು ಹಿಂದಿನವುಗಳಿಗಿಂತ ಬಿಸಿಯಾಗಿರುವುದು ಸಹಜ.

ಪರೀಕ್ಷೆಯ ಕ್ರಮ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲದಲ್ಲುಳಿಯುವ ಚಕ್ರಗಳಿಗೆ ಮರದ ತುಂಡು ಅಡ್ಡವಿಟ್ಟು, ಜ್ಯಾಕಿನಿಂದ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜ್ಯಾಕೊಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ಹೋಗಕೂಡದು.

ಮೊದಲನೆಯದಾಗಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ತುಸು ಸವರಿದ ಸದ್ದು ಕೇಳುವುದು ದೋಷವಲ್ಲ. ಒಂದೇ ಕೈಯಿಂದ ತಿರುಗಿಸಲು ಆಗದಷ್ಟು ಬಿಗಿಯಿದ್ದರೆ ಮಾತ್ರ ದೋಷ. ಒಂದು ಸುತ್ತಿಗೆ ಒಮ್ಮೆ, ಒಂದೇ ಜಾಗದಲ್ಲಿ ಬಿಗಿಯಾದರೆ ಡಿಸ್ಕು ಓರೆಯಾಗಿ ಕುಳಿತಿದೆ ಎಂದರ್ಥ. ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕಿನ ಚಕ್ಕೆ ಸಿಕ್ಕಿಕೊಂಡರೆ ಹೀಗಾಗುತ್ತದೆ; ಎರಡನ್ನೂ ಉಜ್ಜಿ ಶುಚಿಗೊಳಿಸಿ ಮತ್ತೆ ಕೂರಿಸಬೇಕು. ತಗಡು ಕೆರೆದಂಥ ಸದ್ದು ಬಂದರೆ ಡಿಸ್ಕಿನ ಹಿಂದಿರುವ ಧೂಳುತಗಡು ಕೆಲಸದ ವೇಳೆ ಬಾಗಿರುತ್ತದೆ. ಕೈಯಿಂದ ಬಗ್ಗಿಸಿ ಸರಿಪಡಿಸಿದರಾಯಿತು.

ಎರಡನೆಯದಾಗಿ, ಎಂಜಿನ್ ಚಾಲೂ ಮಾಡಿ, ಒಬ್ಬರು ಪೆಡಲನ್ನು ನಾಲ್ಕಾರು ಬಾರಿ ಬಲವಾಗಿ ತುಳಿದು ಬಿಡಬೇಕು. ಬಿಟ್ಟ ತಕ್ಷಣ ಮತ್ತೊಬ್ಬರು ಚಕ್ರ ತಿರುಗಿಸಿ ನೋಡಬೇಕು. ಆ ಕ್ಷಣವೇ ಬಿಟ್ಟರೆ ಸರಿ. ಕೆಲವು ಸೆಕೆಂಡುಗಳೋ ನಿಮಿಷಗಳೋ ಕಳೆದ ಮೇಲೆ ನಿಧಾನವಾಗಿ ಬಿಟ್ಟರೆ ಹೋಸ್ ಪೈಪಿನ ಮೇಲೆ ಸಂಶಯಪಡಬೇಕು.

ಮೂರನೆಯದು ನಿರ್ಣಾಯಕ ಪರೀಕ್ಷೆ. ಇದನ್ನು ಅನುಭವಿ ಮಿಸ್ತ್ರಿಯೇ ಮಾಡಬೇಕು; ಆದರೆ ಇದರ ತರ್ಕವನ್ನು ಎಲ್ಲರೂ ತಿಳಿದಿರಬೇಕು. ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರಿನ ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ಕೊಳವೆ ಹಾಕಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿಟ್ಟು, ನಿಪ್ಪಲನ್ನು ಸಡಿಲಿಸಬೇಕು. ದ್ರವ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ. ಏನೂ ಬದಲಾಗದಿದ್ದರೆ ಒತ್ತಡದ ತಪ್ಪಿಲ್ಲ. ಪಿನ್ನು, ಪ್ಯಾಡು, ಪಿಸ್ಟನ್ನುಗಳಲ್ಲೊಂದು ಯಾಂತ್ರಿಕವಾಗಿ ಸಿಕ್ಕಿಕೊಂಡಿದೆ.

ಒತ್ತಡ ಸಿಕ್ಕಿಕೊಂಡಿದ್ದರೆ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ನಿಪ್ಪಲನ್ನು ಬಿಗಿದು, ಪೆಡಲು ತುಳಿದು ಪುನಃ ದೋಷ ಬರಿಸಿ, ಈ ಸಲ ಹೋಸಿಗಿಂತ ಮೇಲಿರುವ ಉಕ್ಕಿನ ಕೊಳವೆಯ ಕೀಲನ್ನು ಸಡಿಲಿಸಬೇಕು. ಚಕ್ರ ಬಿಗಿಯಾಗಿಯೇ ಉಳಿದು, ನಿಪ್ಪಲು ತೆರೆದಾಗ ಮಾತ್ರ ಬಿಟ್ಟರೆ ಅಪರಾಧಿ ಹೋಸ್ ಪೈಪು. ಮೇಲಿನ ಕೀಲು ಸಡಿಲಿಸಿದೊಡನೆ ಬಿಟ್ಟರೆ ದೋಷ ಅದಕ್ಕಿಂತ ಮೇಲೆ, ಮಾಸ್ಟರ್ ಸಿಲಿಂಡರ್ ಅಥವಾ ಪೆಡಲಿನ ಕಡೆ ಇದೆ. ಮಾಸ್ಟರ್ ಸಿಲಿಂಡರಿನ ದೋಷ ಸಾಧಾರಣವಾಗಿ ಒಂದೇ ಚಕ್ರದಲ್ಲಿ ಕಾಣುವುದಿಲ್ಲ. ಅನೇಕ ಸಣ್ಣ ಕಾರುಗಳಲ್ಲಿ ಬ್ರೇಕಿನ ಕೊಳವೆಗಳು ಕರ್ಣರೇಖೆಯಂತೆ ಜೋಡಿಸಲ್ಪಟ್ಟಿರುವುದರಿಂದ ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಎರಡೂ ಒಟ್ಟಿಗೆ ಬಿಗಿಯಾದರೆ ಮೇಲಿನ ದೋಷವನ್ನು ಊಹಿಸಬಹುದು. ಪರೀಕ್ಷೆ ಮುಗಿದ ಮೇಲೆ ಸಡಿಲಿಸಿದ ಕೀಲುಗಳನ್ನೆಲ್ಲ ಬಿಗಿದು, ಒಳಸೇರಿದ ಗಾಳಿಯನ್ನು ಬ್ಲೀಡ್ ಮಾಡಿ ತೆಗೆಯದೆ ಗಾಡಿಯನ್ನು ರಸ್ತೆಗೆ ತರಲೇಬಾರದು.

ಸಾಮಾನ್ಯವಾಗಿ ಕಂಡುಬರುವ ಕಾರಣಗಳು

ಹೋಸ್ ಪೈಪು: ಕ್ಯಾಲಿಪರ್ ಕಳಚಿದಾಗ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿಡಬೇಕು. ಅವಸರದಲ್ಲಿ ಅದನ್ನು ಹೋಸಿನಿಂದಲೇ ಜೋತುಬಿಡುವುದುಂಟು. ಹಲವು ಕಿಲೋಗ್ರಾಂ ಭಾರ ತೂಗುಬಿದ್ದರೆ ಹಳೆಯ ಹೋಸಿನ ಒಳಪದರ ಹರಿದು, ಅದರ ಎಸಳು ಒಳಗೆ ಕವಾಟದಂತೆ ವರ್ತಿಸುತ್ತದೆ. ಪೆಡಲಿನ ಬಲವಾದ ಒತ್ತಡ ಒಳಗೆ ಹೋಗುತ್ತದೆ. ಸೀಲಿನ ದುರ್ಬಲ ಎಳೆತಕ್ಕೆ ದ್ರವ ಹಿಂದಿರುಗುವುದಿಲ್ಲ. ಹೊರಗಿನಿಂದ ನೋಡಿದರೆ ಹೋಸು ಚೆನ್ನಾಗಿಯೇ ಇರುತ್ತದೆ. ನಮ್ಮ ಮಿತ್ರರ ಕಾರಿನಲ್ಲಿ ನಾನು ಕಂಡದ್ದು ಇದನ್ನೇ. ಹೋಸು ತಿರುಚಿಕೊಂಡಿದ್ದರೂ, ಕ್ಲಿಪ್ಪು ತಪ್ಪು ಕಡೆ ಸೇರಿದ್ದರೂ ತೊಂದರೆಯೇ. ಸ್ಟೀರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸಿ ಹೋಸು ಎಳೆದುಕೊಳ್ಳದೆ, ಟಯರಿಗೆ ತಾಗದೆ ಇರುವುದನ್ನು ನೋಡಬೇಕು. ಕೆಟ್ಟ ಹೋಸಿಗೆ ದುರಸ್ತಿಯಿಲ್ಲ. ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು.

ಜಾರುಪಿನ್ನುಗಳು: ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರುತ್ತದೆ. ಕೆಲವು ಮಾದರಿಗಳಲ್ಲಿ ಮೇಲಿನ ಪಿನ್ನಿಗೂ ಕೆಳಗಿನದಕ್ಕೂ ಆಕಾರದಲ್ಲಿ ವ್ಯತ್ಯಾಸವಿದ್ದು, ಅದಲುಬದಲಾದರೆ ಸಿಕ್ಕಿಕೊಳ್ಳುತ್ತವೆ. ರಬ್ಬರ್ ಬೂಟು ಹರಿದಿದ್ದರೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ಒಳಗಿನ ಪ್ಯಾಡು ಬಹಳ ಸವೆದು ಹೊರಗಿನದು ಹಾಗೆಯೇ ಉಳಿದಿದ್ದರೆ ಪಿನ್ನು ಜಾರುತ್ತಿಲ್ಲವೆಂದು ತಿಳಿಯಬಹುದು. ಪಿನ್ನುಗಳನ್ನು ಶುಚಿಗೊಳಿಸಿ, ಬ್ರೇಕಿಗೆಂದೇ ತಯಾರಾದ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಬೇರಿಂಗಿನ ಸಾಧಾರಣ ಗ್ರೀಸು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಪ್ಯಾಡು ಮತ್ತು ಪಿಸ್ಟನ್ನು: ಪ್ಯಾಡಿನ ಕಿವಿಗಳು ಕೂರುವ ಜಾಗದಲ್ಲಿ ತುಕ್ಕು ಕಟ್ಟಿದ್ದರೆ, ಇಲ್ಲವೆ ಅಲ್ಲಿಯ ತೆಳು ಸ್ಪ್ರಿಂಗ್ ಪಟ್ಟಿ ಕಳೆದುಹೋಗಿದ್ದರೆ ಪ್ಯಾಡು ಹಿಂದೆ ಸರಿಯುವುದಿಲ್ಲ. ಬಹುಕಾಲ ಹೊರಬಂದಿದ್ದ ಪಿಸ್ಟನ್ನನ್ನು ಜೋಡಣೆಯ ವೇಳೆ ಒಳಕ್ಕೆ ಒತ್ತಿದಾಗ ಅದರ ತುಕ್ಕು ಹಿಡಿದ ಭಾಗ ಸೀಲಿನೊಳಗೆ ಹೋಗಿ ಕಚ್ಚಿಕೊಳ್ಳಬಹುದು. ಎರಡೂ ಬದಿಯ ಕ್ಯಾಲಿಪರುಗಳನ್ನು ಕಳಚಿದ್ದರೆ ಎಡದ್ದು ಬಲಕ್ಕೆ ಹೋಗಿಲ್ಲವೆಂದು ನೋಡಬೇಕು. ಬ್ಲೀಡರ್ ನಿಪ್ಪಲು ಮೇಲ್ಭಾಗದಲ್ಲಿರಬೇಕೆಂಬುದೇ ಇದಕ್ಕೆ ಸುಲಭದ ಗುರುತು.

ಹ್ಯಾಂಡ್‌ಬ್ರೇಕ್ ತಂತಿ: ಹಿಂದಿನ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಬುಷ್ ಬದಲಾಯಿಸಿದ ಮೇಲೆ ಹಿಂದಿನ ಚಕ್ರ ಬಿಗಿಯಾದರೆ ಮೊದಲು ನೋಡಬೇಕಾದ್ದು ಇದನ್ನು. ಚಕ್ರಗಳು ತೂಗಾಡುತ್ತಿರುವಾಗ ತಂತಿಯ ದಾರಿಯ ಉದ್ದ ಒಂದು, ಗಾಡಿ ನೆಲದ ಮೇಲೆ ನಿಂತಾಗ ಇನ್ನೊಂದು. ತೂಗಾಡುವಾಗಲೇ ಬಿಗಿದರೆ ನೆಲಕ್ಕಿಳಿದ ಮೇಲೆ ಅದು ಲೈನರುಗಳನ್ನು ಎಳೆದುಹಿಡಿಯಬಹುದು. ತಂತಿಯ ಹೊಂದಾಣಿಕೆ ತಿರುಪನ್ನು ಪೂರ್ತಿ ಸಡಿಲಿಸಿದಾಗ ಚಕ್ರ ಬಿಟ್ಟರೆ ಕಾರಣ ಗೊತ್ತಾದಂತೆ. ಗಾಡಿಯ ಭಾರ ಚಕ್ರಗಳ ಮೇಲಿರುವ ಸ್ಥಿತಿಯಲ್ಲಿಯೇ ಮತ್ತೆ ಹೊಂದಿಸಬೇಕು. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿಯುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಬೇರಿಂಗು: ಹಬ್ಬಿನ ನಟ್ಟನ್ನು ಮಿತಿಮೀರಿ ಬಿಗಿದರೆ, ಇಲ್ಲವೆ ಹೊಸ ಬೇರಿಂಗು ಓರೆಯಾಗಿ ಕುಳಿತರೆ, ಚಕ್ರ ಬಿಗಿಯಾಗಿ ಬಿಸಿಯಾಗುತ್ತದೆ. ಕ್ಯಾಲಿಪರನ್ನು ಪೂರ್ತಿ ತೆಗೆದಿಟ್ಟ ಮೇಲೂ ಹಬ್ಬು ಬಿಗಿಯಾಗಿದ್ದರೆ ಬ್ರೇಕನ್ನು ದೂರುವುದು ತಪ್ಪು.

"ಬ್ರೇಕ್ ಆಯಿಲ್" ಎಂಬ ಹೆಸರಿನ ಅಪಾಯ

ನಮ್ಮ ಕಡೆ ಬ್ರೇಕಿನ ದ್ರವವನ್ನು ಬ್ರೇಕ್ ಆಯಿಲ್ ಎನ್ನುವುದು ರೂಢಿ. ಈ ಹೆಸರೇ ಅನೇಕರನ್ನು ದಾರಿ ತಪ್ಪಿಸಿದೆ. ಸಾಮಾನ್ಯ ಕಾರುಗಳ ಬ್ರೇಕ್ ದ್ರವ ಎಣ್ಣೆಯಲ್ಲ. ಡಬ್ಬಿಯಲ್ಲಿ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ಲನ್ನೋ ಸ್ಟೀರಿಂಗ್ ಆಯಿಲ್ಲನ್ನೋ ಸುರಿದರೆ ವ್ಯವಸ್ಥೆಯ ರಬ್ಬರ್ ಸೀಲುಗಳೆಲ್ಲ ಉಬ್ಬಿ, ಕೆಲವೇ ದಿನಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕು ಬಿಡದಂತಾಗಬಹುದು. ಆಗ ರಬ್ಬರಿನ ಪ್ರತಿಯೊಂದು ಭಾಗವನ್ನೂ ಬದಲಾಯಿಸಬೇಕಾಗುತ್ತದೆ.

ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ದರ್ಜೆಗೆ ಈ ಅಂಕಿಗಳು 230 ಮತ್ತು 155. ತೆರೆದಿಟ್ಟ ಹಳೆಯ ಡಬ್ಬಿಯ ದ್ರವ ಬಳಸಬಾರದು ಎನ್ನುವುದು ಇದಕ್ಕಾಗಿಯೇ. ತಯಾರಕರು ಸೂಚಿಸಿದ ದರ್ಜೆಯನ್ನೇ ಬಳಸಿ, ಅವರು ತಿಳಿಸಿದ ಅವಧಿಗೆ ಬದಲಾಯಿಸುತ್ತಿರಬೇಕು. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ. ಕೂಡಲೇ ನೀರಿನಿಂದ ತೊಳೆಯಬೇಕು.

ಮಾಡಬಾರದ ಕೆಲಸಗಳು

ಬಿಗಿಯಾಯಿತೆಂದು ಪ್ಯಾಡನ್ನು ಉಜ್ಜಿ ತೆಳ್ಳಗೆ ಮಾಡುವುದು, ನಿಪ್ಪಲಿನಿಂದ ತುಸು ದ್ರವ ಹೊರಬಿಟ್ಟು "ಈಗ ಸರಿಯಾಯಿತು" ಎನ್ನುವುದು, ಒಂದು ಚಕ್ರದ ಕೊಳವೆಯನ್ನು ಚಪ್ಪಟೆ ಮಾಡಿ ಮುಚ್ಚಿ ಮೂರು ಬ್ರೇಕುಗಳ ಮೇಲೆ ಊರು ಸೇರುವುದು, ಇವೆಲ್ಲವೂ ಅಲ್ಲಲ್ಲಿ ನಡೆಯುತ್ತಿವೆ. ಇವುಗಳಲ್ಲಿ ಒಂದೂ ಪರಿಹಾರವಲ್ಲ. ಕೊನೆಯದಂತೂ ಗಾಡಿಯನ್ನು ತಿರುಗಿಸಿ ಬೀಳಿಸಬಲ್ಲದು. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 96ನೆಯ ನಿಯಮವು ಬ್ರೇಕುಗಳನ್ನು ಕುರಿತದ್ದು. ಅಸುರಕ್ಷಿತ ಸ್ಥಿತಿಯ ವಾಹನವನ್ನು ರಸ್ತೆಯಲ್ಲಿ ಓಡಿಸುವುದು 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಅಪರಾಧವೂ ಆಗಿದೆ.

ಬ್ರೇಕಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರಿನ ಎಳೆಗಳು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಮೂಗುಬಾಯಿಗೆ ಮುಸುಕು ಕಟ್ಟಿ ಕೆಲಸ ಮಾಡಬೇಕು.

ದಾರಿಯಲ್ಲಿ ದೋಷ ಕಂಡರೆ

ಸುಟ್ಟ ವಾಸನೆ ಬಂದರೆ, ಗಾಡಿ ಭಾರವಾದರೆ, ಕೂಡಲೇ ರಸ್ತೆಯ ಅಂಚಿಗೆ ಸುರಕ್ಷಿತವಾಗಿ ನಿಲ್ಲಿಸಬೇಕು. ಮಕ್ಕಳನ್ನು ಚಕ್ರದಿಂದ ದೂರವಿಡಬೇಕು. ಕಾದ ಡಿಸ್ಕಿಗೆ ನೀರು ಸುರಿಯಬಾರದು. ಲೋಹ ಸೀಳಬಹುದು, ಬಿಸಿ ಆವಿ ಮುಖಕ್ಕೆ ಬಡಿಯಬಹುದು. ಜ್ವಾಲೆ ಕಂಡರೆ ಮಾತ್ರ ಎಲ್ಲರನ್ನೂ ಇಳಿಸಿ ದೂರ ಕಳುಹಿಸಿ ಬೆಂಕಿ ಆರಿಸುವ ಪ್ರಯತ್ನ ಮಾಡಬೇಕು. ತಣ್ಣಗಾದ ಮೇಲೆ ಚಕ್ರ ತಾನಾಗಿ ಸಡಿಲವಾಗಬಹುದು. ಅದನ್ನು ಗುಣವಾಯಿತೆಂದು ಭಾವಿಸಿ ಘಾಟು ಇಳಿಯಬಾರದು. ಗಾಡಿಯನ್ನು ಎತ್ತಿಸಿ ಒಯ್ಯುವ ಖರ್ಚು ಆಸ್ಪತ್ರೆಯ ಖರ್ಚಿಗಿಂತ ಯಾವಾಗಲೂ ಕಡಿಮೆ.

ಇಲ್ಲಿಂದ ಸೋಲಾಪುರ, ವಿಜಯಪುರ, ಹುಬ್ಬಳ್ಳಿಗಳ ಮೂಲಕ ಅಂಕೋಲೆಯವರೆಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಬ್ಬಕ್ಕೆ ಊರಿಗೆ ಹೋಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ಬೀಡಿನ ಬಳಿ ಮಾಂಜರ್‌ಸುಂಬಾ, ಯಲ್ಲಾಪುರ ದಾಟಿದ ಮೇಲೆ ಅರಬೈಲು, ಹೀಗೆ ಘಾಟುಗಳು ಈ ದಾರಿಯಲ್ಲಿವೆ. ಏರಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತನ್ನು ಮರೆಯದಿರಿ.

ಗ್ಯಾರೇಜು ಬಿಡುವ ಮುನ್ನ

ಶಾಕ್ ಅಬ್ಸಾರ್ಬರಿನ ಕೆಲಸ ಮುಗಿಸಿ ಕೀಲಿ ಕೈಗೆ ತೆಗೆದುಕೊಳ್ಳುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿ. ಒಂದು, ಕ್ಯಾಲಿಪರ್ ಬಿಚ್ಚಿದ್ದಿರಾ, ಬಿಚ್ಚಿದಾಗ ಕಟ್ಟಿಟ್ಟಿದ್ದಿರಾ? ಎರಡು, ಹೋಸಿನ ಕ್ಲಿಪ್ಪು, ಸಂವೇದಕದ ವೈರು ತಮ್ಮ ಸ್ಥಾನದಲ್ಲಿವೆಯೇ? ಮೂರು, ಹ್ಯಾಂಡ್‌ಬ್ರೇಕನ್ನು ಗಾಡಿ ನೆಲದ ಮೇಲಿದ್ದಾಗ ಹೊಂದಿಸಿದ್ದೀರಾ? ನಾಲ್ಕು, ಅಲೈನ್‌ಮೆಂಟ್ ಆಗಿದೆಯೇ? ಐದು, ಚಕ್ರದ ನಟ್ಟುಗಳನ್ನು ಸರಿಯಾದ ಅಳತೆಗೆ ಬಿಗಿದಿದ್ದೀರಾ? ಆಮೇಲೆ ಮೊದಲು ಪೆಡಲನ್ನು ಹಲವು ಬಾರಿ ತುಳಿದು ಅದು ಗಟ್ಟಿಯಾಗಿರುವುದನ್ನು ಖಚಿತಪಡಿಸಿಕೊಂಡು, ಮಿಸ್ತ್ರಿಯನ್ನೂ ಕೂರಿಸಿಕೊಂಡು ಹತ್ತು ಕಿಲೋಮೀಟರ್ ಓಡಿಸಿ, ನಾಲ್ಕು ಚಕ್ರಗಳ ಶಾಖವನ್ನು ಹೋಲಿಸಿ ನೋಡಿ. ದೂರ ಪ್ರಯಾಣದ ಹಿಂದಿನ ಸಂಜೆ ದುರಸ್ತಿ ಮಾಡಿಸಬೇಡಿ. ಒಂದು ವಾರ ಮೊದಲೇ ಮಾಡಿಸಿ ಊರೊಳಗೆ ಓಡಿಸಿ ನೋಡಿ.

ಮಿಸ್ತ್ರಿಗಳೊಡನೆ ಜಗಳವಾಡಿರೆಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲಿ, ನೆಲದ ಮೇಲೆ ಮಲಗಿ, ಸಾಕಷ್ಟು ಸಲಕರಣೆಗಳಿಲ್ಲದೆ ದುಡಿಯುವವರು ಅವರು. ಗಿರಾಕಿಯ ಅವಸರವೇ ಎಷ್ಟೋ ಬಾರಿ ಅವರ ತಪ್ಪಿಗೆ ಮೂಲವಾಗಿರುತ್ತದೆ. ಅರ್ಧ ದಿನದ ಕೆಲಸವನ್ನು ಎರಡು ಗಂಟೆಯಲ್ಲಿ ಮುಗಿಸೆಂದು ನಾವು ಕೇಳದಿದ್ದರೆ ಕ್ಯಾಲಿಪರನ್ನು ಕಟ್ಟಿಡಲು ಅವರಿಗೆ ಸಮಯ ಸಿಗುತ್ತದೆ.

ಘಾಟಿನಲ್ಲಿ ಪಾರಾದ ಆ ಮಿತ್ರರು ಎರಡು ಹೊಸ ಹೋಸುಗಳು, ಪ್ಯಾಡುಗಳು, ಒಂದು ಡಿಸ್ಕು, ಹೊಸ ದ್ರವ ಇಷ್ಟನ್ನು ಹಾಕಿಸಿ ಇಂದಿಗೂ ಅದೇ ಕಾರನ್ನು ಓಡಿಸುತ್ತಿದ್ದಾರೆ. ಊರಿಗೆ ಹೊರಟ ದಿನ ಗಾಡಿ ಭಾರವಾಗಿ ಕಂಡಾಗಲೇ ಹತ್ತು ನಿಮಿಷ ನಿಂತು ಚಕ್ರಗಳನ್ನು ನೋಡಿದ್ದರೆ ಅವರಿಗೆ ಆ ಘಾಟಿನ ಭಯ ಬರುತ್ತಿರಲಿಲ್ಲ. ಗಾಡಿಯು ಯಾವುದಾದರೊಂದು ರೀತಿಯಲ್ಲಿ ತನ್ನ ನೋವನ್ನು ಹೇಳಿಕೊಳ್ಳುತ್ತದೆ. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ನಮಗಿರಬೇಕು. ನೀವೆಲ್ಲರೂ ಊರಿಗೆ ಸುಖವಾಗಿ ಹೋಗಿ, ಸುಖವಾಗಿ ಮರಳಿ ಬರುವಂತಾಗಲಿ ಎಂದು ಹಾರೈಸುತ್ತೇನೆ.